ತಿಕ್ಕಿದರೂ ಹೋಗದ ಕಲೆ

ತಂಗೀ, ಮೊದಲು ಉಸಿರು ಬಿಡು. ಗಂಡನಿಗೆ ಪಾಷಾಣ ಹಾಕಿದಳೆಂಬ ಆರೋಪದಿಂದ ನಿನ್ನ ಮಗಳು ಜೆಲಿ ಪಾರಾದಳು. ಬೆಳಿಗ್ಗೆಯಂತೂ ಅವಳ ತಲೆ ಹೋಯಿತೆಂದೇ ತಿಳಿದಿದ್ದೆವು.

ನ್ಯಾಯಾಲಯದಲ್ಲೇ ರಸಾಯನ ಪಂಡಿತರು ನಿನ್ನ ಅಳಿಯ ಒನೆಸಿಮ್ ವಾಂತಿ ಮಾಡಿದ್ದನ್ನು ಸೀಸೆಯಲ್ಲಿ ಸತು, ಆಮ್ಲ ಬೆರೆಸಿ ಕುದಿಸಿ, ಎದ್ದ ಆವಿಗೆ ಉರಿ ಹಚ್ಚಿ, ಜೆಲಿಯ ಮನೆಯದೇ ಪಿಂಗಾಣಿ ತಟ್ಟೆಯನ್ನು ಅದಕ್ಕೆ ಹಿಡಿದರು. ಕರೀ ಕಲೆ ಮೂಡಿತು. "ಪಾಷಾಣವೇ!" ಎಂದರು. ತಟ್ಟೆ ಜ್ಯೂರಿಗಳ ಕೈಯಿಂದ ಕೈಗೆ ಹೋಗುವಾಗ ನಿನ್ನ ಅತ್ತಿಗೆ ಕಸಿದುಕೊಂಡಳು.

"ಮದುವೆಗೆ ನಾನು ಕೊಟ್ಟ ತಟ್ಟೆ! ಊರವರ ಮುಂದೆ ಮುಸುರೆ ತೋರಿಸಿ ನಮ್ಮ ಮಾನ ಕಳೀತೀರಾ?"

ನಾವು ಇಳಿದಿರುವ ಛತ್ರದ ಹಾಸಿಗೆ ಬಟ್ಟೆ ಒಗೆಯಲೆಂದು ತಂದಿದ್ದ, ಕಲೆ ತೆಗೆಯುವ ಜಾವೆಲ್ ನೀರನ್ನು ಸುರಿದು, ಸೆರಗಿನಿಂದ ತಿಕ್ಕಿದಳು.

"ಸಾಕ್ಷಿ ಅಳಿಸ್ತಿದ್ದಾಳೆ, ಹಿಡೀರಿ!" ಎಂದು ನ್ಯಾಯಾಧೀಶರು ಕೂಗಿದರು.

"ಎಲ್ಲಿ ಅಳಿಸ್ತದೆ ಸ್ವಾಮಿ, ಹಾಳಾದ್ದು ಹೋಗ್ತಾನೇ ಇಲ್ಲ!"

ಪಂಡಿತರು ಬೆವರಿದರು. "ಹೋಗ್ಲಿಲ್ವೇನಮ್ಮಾ? ಪಾಷಾಣದ ಕಲೆ ಆ ನೀರಿಗೆ ಕರಗ್ಬೇಕು! ಹೋಗಿಲ್ಲ ಅಂದ್ರೆ ಇದು ಅಂಥದೇ ಕಲೆ ಬಿಡೋ ವಾಂತಿ ಮದ್ದಿನದು!"

ಎಲ್ಲರೂ ಅಲ್ಲೇ ಕೂತಿದ್ದ ಒನೆಸಿಮ್‌ನತ್ತ ತಿರುಗಿದರು. "ಹಂದಿ ಕೊಯ್ದ ದಿನ ರಕ್ತದ ಸಾಸೇಜು ಜಾಸ್ತಿ ತಿಂದಿದ್ದೆ," ಎಂದ. "ಹೊಟ್ಟೆ ಖಾಲಿ ಮಾಡ್ಕೊಂಡ್ರೆ ಇನ್ನೊಂದು ಸುತ್ತು ಹಿಡಿಸ್ತದೆ ಅಂತ ಮದ್ದು ನುಂಗಿದೆ. ಹೇಳಿದ್ರೆ ಇವಳು ಬೈತಾಳೆ ಅಂತ ಸುಮ್ನಿದ್ದೆ."

ನನಗೆ ನೆಗಡಿ, ಅತ್ತಿಗೆಯ ಕೈ ಸುಲಿದಿದೆ. ನಿನ್ನ ಕಾಲಿನ ಬಾವು ಇಳಿಯಿತೇ? ನಾಳೆ ಹೊರಡುತ್ತೇವೆ. ಜೆಲಿ ಗಂಡನಿಗೆ ನಗುನಗುತ್ತಲೇ, "ಬಾರಯ್ಯಾ, ಮನೆಗೆ ಹೋಗಿ ನಾನೇ ಸೂಪು ಮಾಡಿ ಬಡಿಸ್ತೀನಿ" ಎಂದಳು. ಅವನ ಮುಖ ಈಗ ನಿಜಕ್ಕೂ ವಿಷ ಕುಡಿದವನ ಹಾಗಿದೆ.

ಕಾಗದದಲ್ಲಿ ಜಾಗ ಮುಗಿಯಿತು.
ಅಣ್ಣ ಅನ್ಸೆಲ್ಮ್