ಆ ಮನೆಯ ನೀರು

ಬಣ್ಣದ ಮೀನಿನ ಅಂಗಡಿ,
12ನೇ ತಾರೀಖು, ಶುಕ್ರವಾರ ಮಧ್ಯಾಹ್ನ

ಮುದ್ದು ಮಗಳೇ,

ಹೇಗಿದ್ದೀಯಮ್ಮ? ಕೆಮ್ಮು ಕಡಿಮೆಯಾಯಿತೇ? ಹೊಸ ಮನೆ ಮೂರನೇ ಮಹಡಿ, ದಿನಕ್ಕೆ ಹತ್ತು ಸಲ ಹತ್ತಿಳಿಯಬೇಡ. ಅಳಿಯಂದಿರ ಸೊಂಟನೋವು ಹೇಗಿದೆಯೆಂದು ಕೇಳಿದೆ ಅಂತ ಹೇಳು. ನನ್ನ ಮಂಡಿ ಎಂದಿನಂತೆ ಗೊಣಗುತ್ತದೆ, ನಾನೂ ಗೊಣಗುತ್ತೇನೆ, ಇಬ್ಬರಿಗೂ ಅಭ್ಯಾಸವಾಗಿದೆ.

ಸೋಮವಾರ ಫೋನಿನಲ್ಲಿ ಚೂಟಿ ‘ನಾನು ಆ ಮನೆಗೆ ಬರಲ್ಲ’ ಅಂದದ್ದಕ್ಕೆ ನೀನು ಅತ್ತೆಯಲ್ಲ, ಅಂದಿನಿಂದ ನನಗೆ ಊಟ ಸೇರುತ್ತಿಲ್ಲ. ನೀನು ಮರುಮದುವೆಯಾದದ್ದೇ ತಪ್ಪಾಯಿತೇನೋ, ಪರೀಕ್ಷೆ ಮುಗಿಯುವವರೆಗೆ ಅಂತ ಮಗಳನ್ನು ನನ್ನ ಬಳಿ ಬಿಟ್ಟದ್ದು ತಪ್ಪಾಯಿತೇನೋ ಎಂದೆಲ್ಲ ತಲೆ ಕೆಡಿಸಿಕೊಳ್ಳಬೇಡ. ಹೊಸ ಅಪ್ಪನ ಮೇಲೂ ಅವಳಿಗೆ ಸಿಟ್ಟಿಲ್ಲ. ತಪ್ಪು ನನ್ನದು. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ದನಿ ಕೇಳಿದ ಕೂಡಲೇ ಬಾಯಿ ಕಟ್ಟಿಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ಭಾನುವಾರ ಅಳಿಯಂದಿರು ಚೂಟಿಗೆಂದು ನಿಮ್ಮ ಊರಿಂದ ಐದು ಕೆಂಪು ಮೀನು ತಂದುಕೊಟ್ಟರಲ್ಲ. ಮೀನು ಮಾರುವವನ ಮನೆಗೆ ಮೀನಿನ ಉಡುಗೊರೆ ಎಂದು ಒಳಗೊಳಗೇ ನಕ್ಕೆ. ಆದರೆ ಬಸ್ಸಿನಲ್ಲಿ ಮೂರು ಗಂಟೆ ಆ ಚೀಲವನ್ನು ತೊಡೆಯಿಂದ ಇಳಿಸಲಿಲ್ಲವೆಂದು ನೀನು ಹೇಳಿದೆಯಲ್ಲ, ಮನುಷ್ಯ ಒಳ್ಳೆಯವರು ಅನ್ನಿಸಿತು. ನೀವು ಹೊರಟ ಮೇಲೆ ಚೂಟಿ ಗೇಟು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅವಳ ಅಳು ನಿಂತರೆ ಸಾಕೆಂದು ‘ಬಾ ಬಾ, ಮೀನು ಬಿಡೋಣ’ ಎಂದು ಚೀಲ ಕತ್ತರಿಸಿ ತೊಟ್ಟಿಗೆ ಸುರಿದುಬಿಟ್ಟೆ. ಚೀಲವನ್ನು ಮೊದಲು ತೊಟ್ಟಿಯಲ್ಲಿ ತೇಲಿಬಿಡಿ, ಬಿಸಿ ತಂಪು ಸಮವಾಗಲಿ, ಆಮೇಲೆ ತೊಟ್ಟಿಯ ನೀರನ್ನು ಚೂರು ಚೂರೇ ಬೆರೆಸಿ ಎಂದು ಮೂವತ್ತು ವರ್ಷದಿಂದ ಗಿರಾಕಿಗಳಿಗೆ ಪಾಠ ಒಪ್ಪಿಸುವವನು ನಾನೇ. ನಿಮ್ಮ ಊರಿನದು ಗಡಸು ನೀರು, ನಮ್ಮದು ಸಪ್ಪೆ. ಬೆಳಗ್ಗೆ ನೋಡಿದರೆ ಎರಡು ಮೀನು ತಳದಲ್ಲಿ ಮಗ್ಗುಲಾಗಿ ಬಿದ್ದಿದ್ದವು.

‘ಯಾಕಜ್ಜ ಸತ್ತೋಯ್ತು?’ ಎಂದಳು. ಮೊಮ್ಮಗಳ ಮುಂದೆ ನನ್ನ ಮರ್ಯಾದೆ ಹೋಗಬಾರದಲ್ಲ, ‘ಬೇರೆ ಊರಿನ ಮೀನು ಕಣೆ, ಇಲ್ಲಿನ ನೀರು ಒಗ್ಗಲಿಲ್ಲ’ ಎಂದುಬಿಟ್ಟೆ. ಏಳು ವರ್ಷದ ಮಗು ಆ ಮಾತನ್ನು ತನಗೇ ಅನ್ವಯಿಸಿಕೊಂಡಿತು. ಅವತ್ತು ಸಂಜೆಯೇ ನಿನಗೆ ಬರಲ್ಲ ಅಂದದ್ದು. ನನಗೆ ತಿಳಿದದ್ದು ಬುಧವಾರ, ಅವಳ ತಲೆ ಬಾಚುತ್ತಾ ಯಾಕೆ ಬರಲ್ಲ ಎಂದು ಕೇಳಿದಾಗ: ‘ಅಜ್ಜ, ನಂಗೂ ಅಲ್ಲಿನ ನೀರು ಒಗ್ಗದಿದ್ರೆ?’

ನೀರಿನದಲ್ಲ ಕಂದ, ಅಜ್ಜನ ಅವಸರದ ತಪ್ಪು ಎಂದು ಆಗಲೇ ಒಪ್ಪಿಕೊಂಡೆ. ನಂಬಲಿಲ್ಲ. ಹುಬ್ಬು ಗಂಟಿಕ್ಕಿ ನೋಡಿದಳು, ಥೇಟ್ ನೀನೇ. ನಿನ್ನೆ ಅಂಗಡಿಗೆ ಹನ್ನೆರಡು ಹೊಸ ಮೀನು ಬಂದವು, ಅವೂ ಗಡಸು ನೀರಿನವೇ. ಸ್ಕೂಲಿಂದ ಬಂದವಳ ಕೈಗೇ ಚೀಲ ಕೊಟ್ಟೆ. ತೇಲಿಸಿದಳು. ಆಮೇಲೆ ಅವನ್ನು ಅವುಗಳದೇ ನೀರಿನ ಸಮೇತ ಬಕೆಟ್ಟಿಗೆ ಬಿಟ್ಟು, ಸಣ್ಣ ಪೈಪಿಗೊಂದು ಗಂಟು ಹಾಕಿ, ತೊಟ್ಟಿಯ ನೀರು ಹನಿ ಹನಿಯಾಗಿ ಬೀಳುವಂತೆ ಮಾಡಿದೆವು. ಒಂದೂವರೆ ಗಂಟೆ ಸ್ಟೂಲಿನಿಂದ ಏಳಲಿಲ್ಲ ಆ ಹುಡುಗಿ. ಹನಿ ಜೋರಾದರೆ ‘ಗಂಟು ಬಿಗಿ ಮಾಡಜ್ಜ’ ಎಂದು ನನ್ನನ್ನೇ ಗದರುತ್ತಿದ್ದಳು. ಗಿರಾಕಿಯೊಬ್ಬರು ಅವಸರ ಮಾಡಿದ್ದಕ್ಕೆ ‘ಇನ್ನೂ ಆಗಿಲ್ಲ, ಕೂತ್ಕೊಳ್ಳಿ’ ಎಂದಳು. ಪಾಪ, ಅವರು ತೆಪ್ಪಗೆ ಕೂತರು. ಇವತ್ತು ಸ್ಕೂಲಿಗೆ ಹೋಗುವ ಮುಂಚೆ ಎಣಿಸಿದಳು, ಹನ್ನೆರಡೂ ಇದ್ದವು. ಬ್ಯಾಗು ಹಾಕಿಕೊಂಡು ಹೋದಳು.

ಇನ್ನೊಂದನ್ನು ಮುಚ್ಚಿಡಲಾರೆ. ಅವಳು ಬರಲ್ಲ ಅಂದಾಗ ಒಂದು ಗಳಿಗೆ ನನಗೆ ಖುಷಿಯಾಯಿತು. ಅವಳು ಹೋದರೆ ಈ ಮನೆಯಲ್ಲಿ ನನ್ನನ್ನು ಗದರುವವರಾರು? ಅದಕ್ಕೇ ಯಾಕೆ ಬರಲ್ಲ ಎಂದು ಕೇಳಲು ಎರಡು ದಿನ ತಡಮಾಡಿದೆ. ಕ್ಷಮಿಸು ಮಗಳೇ. ಬರುವ ವಾರದಿಂದ ಪ್ರತಿ ಶನಿವಾರ ನಾನೇ ಅವಳನ್ನು ಕರೆದುಕೊಂಡು ಬರುತ್ತೇನೆ. ಮೊದಲು ಒಂದು ರಾತ್ರಿ, ಆಮೇಲೆ ಎರಡು, ಪರೀಕ್ಷೆ ಮುಗಿಯುವ ಹೊತ್ತಿಗೆ ನಾನೊಬ್ಬನೇ ವಾಪಸ್ ಬರುವಂತಾಗಲಿ. ನನಗೂ ಅಭ್ಯಾಸವಾಗಬೇಕಲ್ಲ.

ಅಳಿಯಂದಿರಿಗೆ ನನ್ನ ನಮಸ್ಕಾರ. ನಿಮ್ಮಿಬ್ಬರ ಮನೆ ಸದಾ ತುಂಬಿರಲಿ, ತಣ್ಣಗಿರಲಿ.

ನಿನ್ನ ಅಪ್ಪ

ಪೋಸ್ಟ್ ಮಾಡಲು ಹೊರಟವನು ವಾಪಸ್ ಬಂದು ಬರೆಯುತ್ತಿದ್ದೇನೆ. ನಿಮ್ಮ ಮನೆಯ ನಲ್ಲಿಯಲ್ಲಿ ತುಂಬಿಸಿ ಬಸ್ಸಿಗೆಂದು ತಂದಿದ್ದ ನೀರಿನ ಬಾಟಲಿಯನ್ನು ಅಳಿಯಂದಿರು ಇಲ್ಲೇ ಮರೆತಿದ್ದಾರೆ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಚೂಟಿ ಅದರಿಂದ ಒಂದು ಚಮಚ ನೀರನ್ನು ತನ್ನ ಲೋಟಕ್ಕೆ ಬೆರೆಸಿಕೊಂಡು ಕುಡಿದಳು. ಇವತ್ತು ಬೆಳಗ್ಗೆ ಎರಡು ಚಮಚ. ನಾನು ನೋಡಿಲ್ಲ ಅಂದುಕೊಂಡಿದ್ದಾಳೆ. ಹಳೇ ನೀರಲ್ಲವೇ, ಅವಳು ಸ್ಕೂಲಿಗೆ ಹೋದ ಮೇಲೆ ಕುದಿಸಿ ಆರಿಸಿ ಮತ್ತೆ ಅದೇ ಬಾಟಲಿಗೆ ತುಂಬಿಟ್ಟಿದ್ದೇನೆ. ನಾಲ್ಕು ಬೆರಳಷ್ಟು ಮಾತ್ರ ಉಳಿದಿದೆ, ಬರುವ ವಾರದ ಶನಿವಾರದವರೆಗೆ ಸಾಲದು. ಬೇಗ ಇನ್ನೊಂದು ಬಾಟಲಿ ಕಳಿಸು.