ಅಮ್ಮ ಇಟ್ಟ ಕುಂಕುಮ

೧೮-೯-೧೯೯೪, ಭಾನುವಾರ

ಹಣೆಯ ಕುಂಕುಮ ಇನ್ನೂ ಒರೆಸಿಲ್ಲ.

ಫ್ಯಾಕ್ಟರಿಗೆ ರಜೆ. ಅನುಗೊಂಡನಹಳ್ಳಿಗೆ ಹೋಗಿ ಅಮ್ಮನನ್ನು ನೋಡಿ ಬಂದೆ. ಇವತ್ತಾದರೂ ನನ್ನ ಗುರುತು ಹಿಡಿಯಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೇ ಹೋಗಿದ್ದೆ. ಮೊದಲೆಲ್ಲ ಮುಖ ನೋಡಿ ಯೋಚನೆಯನ್ನಾದರೂ ಮಾಡುತ್ತಿದ್ದಳು. ಈಗ ಅದೂ ಇಲ್ಲ.

"ಯಾವೂರಮ್ಮ ನಿಂದು?" ಅಂದಳು.

"ನಾನು ನಿನ್ ಮಗಳು ಕಣಮ್ಮ, ಯಶೋದ."

"ಹೌದಾ? ನನ್ ಮಗಳ ಹೆಸ್ರೂ ಅದೇ," ಎಂದು ನಕ್ಕಳು.

ಹೊರಡಲು ಎದ್ದಾಗ ಕೈ ಹಿಡಿದು ನಿಲ್ಲಿಸಿದಳು. "ಇರಮ್ಮ, ಬರೀ ಹಣೇಲಿ ಹೋಗ್ತಾರಾ?" ಎಂದು ದೇವರ ಗೂಡಿನಿಂದ ಬಟ್ಟಲು ತಂದು ಅಗಲವಾಗಿ ಕುಂಕುಮ ಇಟ್ಟಳು. ಅಡುಗೆಮನೆಯಿಂದ ಅತ್ತಿಗೆ ಓಡಿ ಬಂದರು. "ಅಯ್ಯೋ ಅತ್ತೆ, ಅವ್ರಿಗೆ ಇಡ್ಬಾರ್ದು!"

"ಸುಮ್ನಿರಮ್ಮ," ಎಂದು ಅಪ್ಪ ಅತ್ತಿಗೆಯನ್ನು ತಡೆದರು. ನನ್ನ ಕಡೆ ನೋಡಲಿಲ್ಲ.

"ಗಂಡನ ಜೊತೆ ನೂರ್ಕಾಲ ಚೆನ್ನಾಗಿರು," ಅಂದಳು ಅಮ್ಮ.

ನಮ್ಮ ಯಜಮಾನರು ತೀರಿಹೋದ ಮೇಲೆ, ಪಿಲ್ಲಗುಂಪೆಯ ಫ್ಯಾಕ್ಟರಿ ಕೆಲಸಕ್ಕೆ ಹೊರಟ ಮೊದಲ ದಿನ ಹಣೆಗೆ ಚಿಕ್ಕದೊಂದು ಕಪ್ಪು ಸ್ಟಿಕ್ಕರ್ ಅಂಟಿಸಿಕೊಂಡಿದ್ದೆ. ಅದನ್ನು ಉಗುರಿನಿಂದ ಕಿತ್ತು ಒಲೆಗೆ ಹಾಕಿದವಳು ಇದೇ ಅಮ್ಮ. "ಗಂಡ ಸತ್ತೋಳಿಗೆ ಇದೆಲ್ಲ ಯಾಕೆ?" ಅಂದಿದ್ದಳು.

ಬಸ್ಸಿನಲ್ಲಿ ಸೆರಗನ್ನು ಹಣೆಯವರೆಗೂ ಎಳೆದುಕೊಂಡು ಬಂದೆ. ಈಗ ಕನ್ನಡಿಯ ಮುಂದೆ ಕೂತಿದ್ದೇನೆ. ಅಳುವೂ ಬರುತ್ತಿಲ್ಲ.

ನಾನು ಯಾರೆಂದು ಗೊತ್ತಾಗಿದ್ದರೆ ಅಮ್ಮ ಇದನ್ನು ಇಡುತ್ತಿರಲಿಲ್ಲ. ಮುಂದಿನ ಸಲ ಏನೆಂದು ಬೇಡಿಕೊಂಡು ಹೋಗಲಿ?