ಅಪ್ಪ ಅಂಟು ಹಾಕಿದ ಕುರ್ಚಿ

ಕೋಪನ್‌ಹೇಗನ್,
೨೬ ಮೇ ೧೯೬೧

ಪ್ರೀತಿಯ ಅಪ್ಪನಿಗೆ (ಮೊದಲ ಪದವನ್ನು ಅಭ್ಯಾಸಬಲದಿಂದ ಬರೆದಿದ್ದೇನೆ, ಹೆಚ್ಚಿನ ಅರ್ಥ ಹುಡುಕಬೇಡಿ),

ಈ ಮೂಲಕ ಡೆನ್ಮಾರ್ಕಿನ ಸಮಸ್ತ ಪ್ರಜೆಗಳಿಗೂ ಅರಮನೆಯ ದೊರೆಗಳಿಗೂ ತಿಳಿಯಪಡಿಸುವುದೇನೆಂದರೆ, ರಾಂಡರ್ಸ್ ಪಟ್ಟಣದ ದಂತವೈದ್ಯ ಹೋಲ್ಗರ್ ಅವರ ಏಕಮಾತ್ರ ಪುತ್ರಿ ಬೋದಿಲ್ ನಿನ್ನೆ ಮಧ್ಯಾಹ್ನದಿಂದ ಕುರ್ಚಿಯಲ್ಲಿ ಕೂರುವುದನ್ನು ತ್ಯಜಿಸಿದ್ದಾಳೆ. ಊಟ ನಿಂತೇ, ಕಾಫಿ ನಿಂತೇ. ಈ ಪತ್ರವನ್ನೂ ಕಿಟಕಿಯ ಹಲಗೆಯ ಮೇಲೆ ಕಾಗದವಿಟ್ಟು ನಿಂತೇ ಬರೆಯುತ್ತಿದ್ದಾಳೆ.

ಕಾರಣ ನೀವು.

ಗೊತ್ತಿರಲಿಲ್ಲ ಎಂದು ಮಾತ್ರ ಹೇಳಬೇಡಿ. ಹಬ್ಬದ ರಜೆಗೆ ಬರುವಾಗ ಕುರ್ಚಿಯನ್ನು ಬಿಡಿಬಿಡಿಯಾಗಿ ರೈಲಿನಲ್ಲಿ ಹೊತ್ತು ತಂದು, ಕೈಹಿಡಿಗಳನ್ನು ಉಜ್ಜಿ ನಯ ಮಾಡಲೆಂದು ಹಜಾರದಲ್ಲಿ ಜೋಡಿಸಿ ನಿಲ್ಲಿಸಿದಾಗಲೇ ಹೇಳಿದ್ದೆ. ಇದು ಮರಗೆಲಸದ ಶಾಲೆಯಲ್ಲಿ ನನ್ನ ಕೊನೆಯ ಪರೀಕ್ಷೆಯ ಕುರ್ಚಿ. ಪರೀಕ್ಷಕರು ಒಂದೊಂದು ಸಂದನ್ನೂ ಬಿಚ್ಚಿ, ಮರದ ನಾಲಗೆ ಅದರ ತೂತಿನಲ್ಲಿ ಹೇಗೆ ಕೂತಿದೆ ಎಂದು ನೋಡುತ್ತಾರೆ. ನೋಡಿ ಆದ ಮೇಲೆಯೇ, ಅವರ ಕಣ್ಣೆದುರಿಗೇ, ಅಂಟು. ಅಲ್ಲಿಯವರೆಗೆ ಯಾರೂ ಕೂರಬಾರದು. ನೀವು ಪತ್ರಿಕೆಯಿಂದ ತಲೆ ಎತ್ತದೆ ಹೂಂ ಎಂದಿರಿ. ರೋಗಿ ನೋವು ಎಂದಾಗ ನೀವು ಹೇಳುವ ಹೂಂ ಅದು ಎಂದು ನನಗೆ ಆಗ ಹೊಳೆಯಲಿಲ್ಲ.

ಡಾಗ್ಮಾರ್ ಅತ್ತೆಯ ಮೇಲೆ ನನಗೆ ದ್ವೇಷವಿಲ್ಲ. ತಮ್ಮ ಹುಟ್ಟುಹಬ್ಬದ ಕೇಕಿನ ತಟ್ಟೆ ಹಿಡಿದು, ಮನೆಯಲ್ಲಿದ್ದ ಬೇರೆಲ್ಲ ಕುರ್ಚಿಗಳನ್ನು ಬಿಟ್ಟು ಅದರಲ್ಲೇ ಕೂತರು. ಅದು ನಾಲ್ಕು ದಿಕ್ಕಿಗೆ ನಾಲ್ಕು ಕಾಲು ಚಾಚಿತು. ಅತ್ತೆ ನೆಲದ ಮೇಲೇ ಕೇಕು ಮುಗಿಸಿ, “ಇಷ್ಟು ವರ್ಷ ಓದಿ ಕಲಿತಿದ್ದು ಇದೇನಾ ಹುಡುಗಿ? ಕಾಲು ಅಂಟಿಸೋದಾದ್ರೂ ಹೇಳಿಕೊಡಲ್ವಾ ಅಲ್ಲಿ?” ಎಂದರು. ನಾನು ನಕ್ಕೆ. ನೀವು ನಗಲಿಲ್ಲ ಎಂಬುದನ್ನು ಗಮನಿಸಬೇಕಿತ್ತು.

ಮರುದಿನ ನಾನು ಗೆಳತಿಯ ಮನೆಗೆ ಹೋಗಿ ಸಂಜೆ ಬರುವಷ್ಟರಲ್ಲಿ ನೀವು ಅಂಗಿಯ ತೋಳು ಮಡಚಿಕೊಂಡು ಕುರ್ಚಿಯ ಪಕ್ಕ ಮದುಮಗನ ಹಾಗೆ ನಿಂತಿದ್ದಿರಿ. “ಇನ್ನು ಆನೆ ಕೂತ್ರೂ ಅಲ್ಲಾಡಲ್ಲ ಮಗಳೇ. ಡಾಗ್ಮಾರ್‌ಗೂ ಫೋನ್ ಮಾಡಿ ಹೇಳಿದೀನಿ, ಬಂದು ಕೂತು ನೋಡು ಅಂತ.”

ಹಾಕಿದ್ದಾದರೂ ಯಾವ ಅಂಟು? ಚರ್ಮ ಕುದಿಸಿ ಮಾಡುವ ಹಳೆಯ ಅಂಟಾಗಿದ್ದರೆ ಬಿಸಿ ಹಬೆ ಹಿಡಿದು ಬಿಡಿಸಬಹುದಿತ್ತು. ನೀವು ನಿಮ್ಮ ದೋಣಿಗೆ ಹಚ್ಚುವ ಅಂಟು ಹಾಕಿದಿರಿ. ಸಮುದ್ರಕ್ಕೇ ಜಗ್ಗದ ಅಂಟು. ಕುರ್ಚಿಯಲ್ಲಿ ಕೂತು ಸ್ವೀಡನ್ನಿಗೆ ತೇಲಿ ಹೋಗುತ್ತೇನೆಂದು ನಾನು ಯಾವತ್ತು ಹೇಳಿದ್ದೆ?

ನಿನ್ನೆ ಪರೀಕ್ಷಕರು ಬಂದರು. ಅವರಲ್ಲಿ ಹಿರಿಯರು ಹಿಂಗಾಲನ್ನು ಎಳೆದರು. ಇನ್ನೊಮ್ಮೆ ಎಳೆದರು. “ಬಿಚ್ಚಮ್ಮ” ಎಂದರು.

“ಬರೋದಿಲ್ಲ” ಎಂದೆ.

“ಯಾಕೆ?”

“ಅಪ್ಪ ಅಂಟು ಹಾಕಿದ್ದಾರೆ.”

ಇಡೀ ತರಗತಿಯಲ್ಲಿ ನಾನೊಬ್ಬಳೇ ಹುಡುಗಿ, ಅಪ್ಪಾ. ಹಲಗೆ ಎತ್ತಿಕೊಡುತ್ತೇನೆ, ಉಳಿ ಮಸೆದುಕೊಡುತ್ತೇನೆ ಎಂದು ಬಂದವರನ್ನೆಲ್ಲ ಓಡಿಸಿ, ಪ್ರತಿಯೊಂದನ್ನೂ ನನ್ನ ಕೈಯಿಂದಲೇ ಮಾಡಿಕೊಂಡು ಬಂದವಳು. ಕೊನೆಯ ದಿನ, ಆ ಹುಡುಗರೆಲ್ಲ ಸಾಲಾಗಿ ನಿಂತಿರುವಾಗ, ನನ್ನ ಬಾಯಿಂದ ಬಂದ ಮಾತು ಅದು. ಅವರು ನಕ್ಕಿದ್ದರೆ ಸಹಿಸುತ್ತಿದ್ದೆ. ಪಾಪ ಎಂಬಂತೆ ನೋಡಿದರು.

ಇಷ್ಟು ಸಾಲದೆಂಬಂತೆ ಆ ಹಿರಿಯರು ಕನ್ನಡಕ ಏರಿಸಿ, ಸಂದುಗಳ ಮೇಲೆ ಬೆರಳಾಡಿಸಿ, “ಒಂದು ಹನಿ ಹೊರಗೆ ಬಂದಿಲ್ಲ. ಅಂಟಿನ ಕೆಲಸ ಮಾತ್ರ ಅಚ್ಚುಕಟ್ಟು. ಏನು ಮಾಡ್ಕೊಂಡಿದ್ದಾರೆ ನಿಮ್ಮಪ್ಪ?” ಎಂದರು.

“ಹಲ್ಲಿನ ಡಾಕ್ಟರು.”

“ಹಾಗೆ ಹೇಳು” ಎಂದರು. ಇಡೀ ಕುರ್ಚಿಗೆ ಸಿಕ್ಕ ಒಂದೇ ಒಂದು ಹೊಗಳಿಕೆ ನಿಮ್ಮ ಪಾಲಾಯಿತು. ಅಭಿನಂದನೆಗಳು.

ಕಾಣದ ಕೆಲಸಕ್ಕೆ ಅಂಕವಿಲ್ಲವಂತೆ. ಒಂದೋ ಅಲ್ಲೇ ಸಂದುಗಳನ್ನು ಗರಗಸದಿಂದ ಸೀಳಿ ತೋರಿಸಬೇಕು, ಇಲ್ಲವೇ ಆಗಸ್ಟಿನಲ್ಲಿ ಹೊಸ ಕುರ್ಚಿಯೊಂದಿಗೆ ಬರಬೇಕು. ಅದೂ ಆಗದಿದ್ದರೆ ಪ್ರಮಾಣಪತ್ರವಿಲ್ಲ. ನಾನು ಗರಗಸ ತೆಗೆದುಕೊಂಡೆ. ಹಿಂಗಾಲಿನ ಮೇಲೆ ಇಟ್ಟೂ ಇಟ್ಟೆ. ಆಮೇಲೆ ಕೆಳಗಿಟ್ಟೆ. ನಿಮ್ಮ ಮೇಲಿನ ಮರುಕದಿಂದ ಎಂದುಕೊಂಡು ಡಾಗ್ಮಾರ್ ಅತ್ತೆಗೆ ಫೋನ್ ಮಾಡಬೇಡಿ. ಆ ಸಂದು ನಾನು ಕೊರೆದದ್ದು. ಒಂದು ಕೂದಲೂ ತೂರದಷ್ಟು ಬಿಗಿಯಾಗಿ ಕೂತಿತ್ತು. ಕೊಯ್ಯಲು ಕೈ ಬರಲಿಲ್ಲ.

ಆದ್ದರಿಂದ ಬೇಸಿಗೆಗೆ ಮನೆಗೆ ಬರುವುದಿಲ್ಲ. ಓಕ್ ಹಲಗೆಗಳನ್ನು ಇವತ್ತೇ ಆರಿಸಿಟ್ಟು ಬಂದೆ. ನೀವು ಕ್ಷಮೆ ಕೇಳಿ ಪತ್ರ ಬರೆಯಬೇಡಿ, ಚಾಕೊಲೇಟ್ ಕಳಿಸಬೇಡಿ. ನನಗೆ ಇನ್ನೂ ಕೋಪವಿದೆ. ಜುಲೈ ಮುಗಿಯುವವರೆಗೆ ಸಾಲುವಷ್ಟಿದೆ.

ನಿಂತೇ ಇರುವ ನಿಮ್ಮ ಮಗಳು,
ಬೋದಿಲ್

ಬರೆಯಲು ಮರೆತದ್ದು: ಹೊಸ ಕುರ್ಚಿಯನ್ನು ಪರೀಕ್ಷಕರು ಬಿಚ್ಚಿ ನೋಡಿದ ಮೇಲೆ ಅಲ್ಲೇ ಅಂಟಿಸಬೇಕು. ಅಂಟು ಬಿಗಿಯುವ ಮೊದಲು ಎಲ್ಲ ಕಾಲುಗಳನ್ನೂ ಒಟ್ಟಿಗೆ ನೆಟ್ಟಗೆ ಹಿಡಿಯುವುದು ಒಬ್ಬರಿಂದ ಆಗದ ಕೆಲಸ. ಹಿಡಿದುಕೊಳ್ಳಲು ಒಬ್ಬರನ್ನು ಕರೆದುಕೊಳ್ಳಬಹುದೆಂದು ನಿಯಮವೇ ಇದೆ. ಹುಡುಗರಲ್ಲಿ ಯಾರನ್ನೂ ನಾನು ಕೇಳುವುದಿಲ್ಲ. ಆಗಸ್ಟ್ ಹದಿನೆಂಟು, ಶುಕ್ರವಾರ, ಬೆಳಿಗ್ಗೆ ಒಂಬತ್ತಕ್ಕೆ. ನಿಮ್ಮ ರೋಗಿಗಳನ್ನು ಬೇರೆ ದಿನಕ್ಕೆ ಹಾಕಿ, ಹಳೆಯ ಅಂಗಿ ತೊಟ್ಟು ಬನ್ನಿ. ನಾನು ಹೇಳುವವರೆಗೆ ಕೈ ಜೇಬಿನಲ್ಲೇ ಇರಲಿ.